ಬಾಗಿಲ ಬದಿಯ ಪೆಟ್ಟು: ಕಲಬುರಗಿಯ ಕೂಡುರಸ್ತೆಗಳು ಮತ್ತು ಗಾಯವನ್ನು ಅಳೆದ ಚರಿತ್ರೆ

ಕಲಬುರಗಿಯಿಂದ ದಕ್ಷಿಣಕ್ಕೆ ಫರಹತಾಬಾದ್ ಮಾರ್ಗವಾಗಿ ಸಾಗಿ, ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮಾ ನದಿಯನ್ನು ದಾಟಿ ಜೇವರ್ಗಿಗೆ ಹೋಗುವ ರಸ್ತೆಯೂ, ಈಶಾನ್ಯಕ್ಕೆ ಮಹಾಗಾಂವ ಕ್ರಾಸ್ ಹಾಗೂ ಕಮಲಾಪುರವನ್ನು ಹಾಯ್ದು ಹುಮನಾಬಾದ್ ಸೇರುವ ರಸ್ತೆಯೂ ಇಂದು ಒಂದೇ ರಾಷ್ಟ್ರೀಯ ಹೆದ್ದಾರಿಯ ಎರಡು ಭಾಗಗಳಾಗಿವೆ. ಹಿಂದೆ 218 ಎಂಬ ಸಂಖ್ಯೆಯಿಂದ ಗುರುತಿಸಲಾಗುತ್ತಿದ್ದ ಈ ಹೆದ್ದಾರಿಗೆ 2010ರ ಮರುಸಂಖ್ಯೀಕರಣದಲ್ಲಿ 50 ಎಂಬ ಸಂಖ್ಯೆ ಬಂದಿತು. ನಗರದ ಜೇವರ್ಗಿ ಕಾಲೋನಿಯಂಥ ಬಡಾವಣೆಗಳು ಹೊರದಾರಿಯೊಂದರ ಹೆಸರನ್ನೇ ತಮ್ಮದಾಗಿಸಿಕೊಂಡಿರುವುದನ್ನು ನೋಡಿದರೆ, ಈ ಊರು ತನ್ನ ಹೊರದಾರಿಗಳ ಗುಂಟವೇ ಬೆಳೆದ ಬಗೆ ತಿಳಿಯುತ್ತದೆ. ಹೀಗೆ ಬೆಳೆದ ಊರಿನಲ್ಲಿ ಒಂದು ದಾರಿಯನ್ನು ಇನ್ನೊಂದು ಅಡ್ಡ ಹಾಯುವ ಜಾಗಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗುತ್ತವೆ, ಮತ್ತು ಅಂಥ ಜಾಗಗಳಲ್ಲಿ ಕಾರು ತನ್ನ ಮುಂಭಾಗಕ್ಕಿಂತ ಹೆಚ್ಚಾಗಿ ತನ್ನ ಮಗ್ಗುಲನ್ನು ಪೆಟ್ಟಿಗೆ ಒಡ್ಡುತ್ತದೆ. ಒಂದು ವಾಹನದ ಮೂತಿ ಇನ್ನೊಂದರ ಬಾಗಿಲ ಬದಿಗೆ ಬಡಿಯುವ ಈ ಬಗೆಯ ಅಪಘಾತಕ್ಕೆ ಪಾರ್ಶ್ವ ಡಿಕ್ಕಿ ಎಂದು ಹೆಸರು. ಅದರಲ್ಲಿ ಕಾರಿನೊಳಗೆ ಕುಳಿತವರಿಗೆ ಆಗುವ ಗಾಯ ಎಷ್ಟು ತೀವ್ರವಾದುದು ಎಂಬುದನ್ನು ಅಳೆಯುವ ಕೆಲಸ ಜಗತ್ತಿನಲ್ಲಿಯೇ ತಡವಾಗಿ ಆರಂಭವಾಯಿತು. ಕಲಬುರಗಿಯ ಠಾಣೆ, ಆಸ್ಪತ್ರೆ ಮತ್ತು ನ್ಯಾಯಾಲಯಗಳ ಕಾಗದಪತ್ರದ ಪದ್ಧತಿಯೊಳಗೆ ಅದು ಇನ್ನೂ ತಡವಾಗಿ, ಅರೆಬರೆಯಾಗಿ ಪ್ರವೇಶಿಸಿತು.

ಬಹಮನಿ ಸುಲ್ತಾನರು 1347ರಲ್ಲಿ ರಾಜಧಾನಿ ಮಾಡಿಕೊಂಡ ಹಳೆಯ ಊರು ಕೋಟೆ, ದರ್ಗಾ, ಬಜಾರುಗಳ ನಡುವೆ ಹಬ್ಬಿದ್ದು, ಅದರ ಗಲ್ಲಿಗಳು ಬಂಡಿಗೂ ಕುದುರೆಗೂ ನಡೆದಾಡುವವರಿಗೂ ತಕ್ಕ ಅಗಲದಲ್ಲಿ ರೂಪುಗೊಂಡಿದ್ದವು. ಮುಂಬೈಯಿಂದ ಬಂದ ರೈಲು ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡ ಮೇಲೆ ನಿಲ್ದಾಣದ ಕಡೆಗೆ ಊರಿನ ಇನ್ನೊಂದು ಭಾಗ ಬೆಳೆಯಿತು ಮತ್ತು ಹಳೆಯ ಬಜಾರಿಗೂ ನಿಲ್ದಾಣಕ್ಕೂ ನಡುವೆ ಟಾಂಗಾಗಳ ಓಡಾಟ ಹೆಚ್ಚಿತು. ಹೈದರಾಬಾದ್ ಸಂಸ್ಥಾನದ ನಿಜಾಮ್ ರೈಲ್ವೆಯು 1932ರ ಜೂನ್ ತಿಂಗಳಲ್ಲಿ 27 ಬಸ್ಸುಗಳನ್ನು ಇಟ್ಟುಕೊಂಡು ರಸ್ತೆ ಸಾರಿಗೆ ವಿಭಾಗವನ್ನು ತೆರೆದಾಗ ಮೋಟಾರು ವಾಹನವೆಂಬುದು ಈ ಸೀಮೆಯಲ್ಲಿ ಸರಕಾರಿ ವ್ಯವಸ್ಥೆಯ ಭಾಗವಾಯಿತು. ಬಂಡಿ, ಟಾಂಗಾಗಳ ಕಾಲದಲ್ಲಿಯೂ ಚೌಕಗಳಲ್ಲಿ ಒಂದಕ್ಕೊಂದು ತಾಗುವುದು ಇದ್ದೇ ಇತ್ತು. ಆದರೆ ವೇಗ ಕಡಿಮೆಯಿದ್ದುದರಿಂದ ಆಗ ಗಾಯವೆಂದರೆ ಬಿದ್ದ ಗಾಯ ಅಥವಾ ಗಾಲಿಯಡಿ ಸಿಕ್ಕ ಗಾಯ. ವಾಹನದ ಗೋಡೆಯೇ ಒಳಕ್ಕೆ ನುಗ್ಗಿ ಬಂದು ಕುಳಿತವನ ಪಕ್ಕೆಗೆ ಬಡಿಯುವ ಗಾಯ ಸಾಧ್ಯವಾಗಬೇಕಾದರೆ ಮುಚ್ಚಿದ ಒಡಲು, ತಗಡಿನ ಬಾಗಿಲು ಮತ್ತು ಗಂಟೆಗೆ 40–50 ಕಿಲೋಮೀಟರಿನ ವೇಗ ಈ ಮೂರೂ ಒಟ್ಟಿಗೆ ಬರಬೇಕಿತ್ತು.

ಆ ಮೂರೂ ಬರುವ ಮೊದಲೇ ಗಾಯದ ತೀವ್ರತೆಯನ್ನು ವಿಂಗಡಿಸುವ ಕಾನೂನು ಬಂದಿತ್ತು ಎಂಬುದು ಈ ಚರಿತ್ರೆಯ ಒಂದು ವಿಚಿತ್ರ. 1860ರ ಭಾರತೀಯ ದಂಡ ಸಂಹಿತೆಯು ತನ್ನ 320ನೆಯ ಕಲಮಿನಲ್ಲಿ ‘ತೀವ್ರ ಸ್ವರೂಪದ ಗಾಯ’ದ ಎಂಟು ಬಗೆಗಳನ್ನು ಎಣಿಸಿತು: ಪುರುಷತ್ವ ನಾಶ, ಕಣ್ಣು ಹೋಗುವುದು, ಕಿವಿ ಕೇಳದಂತಾಗುವುದು, ಅಂಗ ಅಥವಾ ಕೀಲು ಕಳೆದುಕೊಳ್ಳುವುದು, ಅವುಗಳ ಶಕ್ತಿ ಶಾಶ್ವತವಾಗಿ ಕುಂದುವುದು, ಮುಖ ಅಥವಾ ತಲೆ ಶಾಶ್ವತವಾಗಿ ವಿರೂಪವಾಗುವುದು, ಎಲುಬು ಅಥವಾ ಹಲ್ಲು ಮುರಿಯುವುದು ಇಲ್ಲವೇ ಜಾರುವುದು, ಮತ್ತು ಕೊನೆಯದಾಗಿ ಜೀವಕ್ಕೆ ಅಪಾಯ ತರುವ ಅಥವಾ 20 ದಿನ ತೀವ್ರ ನೋವಿನಲ್ಲಿ ನರಳಿಸುವ, ಅಷ್ಟೇ ದಿನ ನಿತ್ಯದ ಕೆಲಸಕ್ಕೆ ಅಡ್ಡಿಯಾಗುವ ಗಾಯ. ಉಳಿದುದೆಲ್ಲ ಸಾದಾ ಗಾಯ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ದಂಡ ಸಂಹಿತೆಯಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಳಗೆ ಸೇರಿದ ಬಳಿಕ, 1951ರ ಏಪ್ರಿಲ್ 1ರಿಂದ ಭಾರತೀಯ ದಂಡ ಸಂಹಿತೆಯೇ ಆಗ ಗುಲ್ಬರ್ಗವೆಂದು ಕರೆಯುತ್ತಿದ್ದ ಕಲಬುರಗಿಗೂ ಅನ್ವಯವಾಯಿತು, 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಲಾಠಿ, ಕುಡುಗೋಲು, ಕಲ್ಲುಗಳಿಂದಾಗುವ ಗಾಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಣೆದ ಈ ಪಟ್ಟಿಯೇ ಮುಂದೆ ಮೋಟಾರು ಅಪಘಾತದ ಗಾಯಕ್ಕೂ ಅಳತೆಗೋಲಾಯಿತು. ಸರಕಾರಿ ವೈದ್ಯರು ಬರೆದುಕೊಡುವ ಗಾಯದ ಪ್ರಮಾಣಪತ್ರದಲ್ಲಿ ‘ಸಾದಾ’ ಅಥವಾ ‘ತೀವ್ರ’ ಎಂಬ ಎರಡೇ ಮಾತಿಗೆ ಜಾಗವಿತ್ತು. ಮುಂದಿನ ಒಂದು ಹಲ್ಲು ಮುರಿದವನೂ ಸೊಂಟದ ಎಲುಬಿನ ಬಳೆಯೇ ಒಡೆದವನೂ ಒಂದೇ ಸಾಲಿನಲ್ಲಿ ನಿಂತರು. ಇದರಲ್ಲಿ ಕಾನೂನಿನ ತಪ್ಪೇನಿಲ್ಲ, ಏಕೆಂದರೆ ಅದರ ಉದ್ದೇಶ ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುವುದಾಗಿತ್ತೇ ಹೊರತು ದೇಹಕ್ಕೆ ಏನಾಯಿತು ಎಂಬುದನ್ನು ತಿಳಿಯುವುದಾಗಿರಲಿಲ್ಲ.

ಪಾರ್ಶ್ವ ಡಿಕ್ಕಿಯಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಆ ಎರಡು ಮಾತಿನ ಅಳತೆ ಎಲ್ಲಿ ಸಾಲದೆ ಹೋಯಿತು ಎಂಬುದು ಅಲ್ಲಿಯೇ ತಿಳಿಯುತ್ತದೆ. ಕಾರಿನ ಮುಂಭಾಗಕ್ಕೆ ಪೆಟ್ಟು ಬಿದ್ದಾಗ ಬಂಪರ್, ಬಾನೆಟ್ ಮತ್ತು ಎಂಜಿನ್ ಇರುವ ಜಾಗ ಕುಗ್ಗುತ್ತ ಹೊಡೆತದ ಶಕ್ತಿಯನ್ನು ಹೀರಿಕೊಳ್ಳುವುದಕ್ಕೆ ಅರ್ಧ ಮೀಟರಿಗೂ ಹೆಚ್ಚು ಅವಕಾಶವಿರುತ್ತದೆ. ಬಾಗಿಲ ತಗಡಿಗೂ ಕುಳಿತವನ ಭುಜ, ಸೊಂಟಗಳಿಗೂ ನಡುವೆ ಇರುವುದು ಕೆಲವೇ ಅಂಗುಲ. ಒಂದೇ ತೂಕದ ಎರಡು ಕಾರುಗಳಲ್ಲಿ ಒಂದು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬಂದು ಇನ್ನೊಂದರ ಮಗ್ಗುಲಿಗೆ ಬಡಿದರೆ, ಎರಡೂ ಕೂಡಿ ಕೊನೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಅಡ್ಡಕ್ಕೆ ಸರಿಯುತ್ತವೆ. ಡಿಕ್ಕಿಯಿಂದ ವಾಹನದ ವೇಗದಲ್ಲಿ ಉಂಟಾಗುವ ಈ ಏರುಪೇರನ್ನು ವೇಗಾಂತರ ಎನ್ನಬಹುದು, ಮತ್ತು ಗಾಯದ ತೀವ್ರತೆಯನ್ನು ಅಂದಾಜು ಮಾಡುವವರು ಮೊದಲು ಕೇಳುವುದು ಇದನ್ನೇ. ಆದರೆ ಮಗ್ಗುಲ ಪೆಟ್ಟಿನಲ್ಲಿ ವೇಗಾಂತರವೊಂದೇ ಸಾಲದು. ಇಡೀ ಕಾರು ಆ 25ರ ವೇಗ ಪಡೆಯುವುದಕ್ಕೆ ಮೊದಲೇ, ಸೆಕೆಂಡಿನ ನೂರರಲ್ಲಿ ಎರಡು ಮೂರು ಭಾಗದಷ್ಟು ಹೊತ್ತಿನೊಳಗೆ, ಬಾಗಿಲು ಮಾತ್ರ ಬಡಿದ ವಾಹನದ ಮೂತಿಯ ವೇಗಕ್ಕೆ ಹತ್ತಿರದ ವೇಗದಲ್ಲಿ ಒಳಕ್ಕೆ ನುಗ್ಗುತ್ತದೆ, ಮತ್ತು ಕುಳಿತವನಿಗೆ ಪೆಟ್ಟು ಕೊಡುವುದು ಆ ಬಾಗಿಲು. ಈ ಒಳನುಗ್ಗುವಿಕೆಯೇ ಪಾರ್ಶ್ವ ಡಿಕ್ಕಿಯ ಮುಖ್ಯ ಲಕ್ಷಣ.

ಬಡಿದ ವಾಹನ ಕಾರೇ ಆಗಿರಬೇಕೆಂದಿಲ್ಲ. ತೊಗರಿಯ ಮೂಟೆ, ಶಹಾಬಾದಿನ ಪರಸಿ, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟು, ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರುಗಳಲ್ಲಿ ಹೋಗುವ ಕಬ್ಬು ಈ ಜಿಲ್ಲೆಯ ರಸ್ತೆಗಳ ನಿತ್ಯದ ಸರಕು. 16 ಟನ್ ತೂಗುವ ಲಾರಿ 800 ಕಿಲೋ ತೂಕದ ಕಾರಿನ ಮಗ್ಗುಲಿಗೆ 50ರ ವೇಗದಲ್ಲಿ ಬಡಿದರೆ, ಲೆಕ್ಕದ ಪ್ರಕಾರ ಕಾರು ಸುಮಾರು 48ರ ವೇಗದಲ್ಲಿ ಅಡ್ಡಕ್ಕೆ ಎಸೆಯಲ್ಪಡುತ್ತದೆ, ಲಾರಿಯ ವೇಗ ಮಾತ್ರ ಹೆಸರಿಗಷ್ಟೇ ಕುಗ್ಗುತ್ತದೆ. ತೂಕದಷ್ಟೇ ಮುಖ್ಯವಾದುದು ಎತ್ತರ. ಕಾರಿನ ಒಡಲಲ್ಲಿ ಮಗ್ಗುಲ ಪೆಟ್ಟನ್ನು ತಡೆಯಬಲ್ಲ ಗಟ್ಟಿ ಭಾಗ ಬಾಗಿಲ ಕೆಳಗಿನ ಉಕ್ಕಿನ ಹೊಸ್ತಿಲು. ಲಾರಿಯ ಮತ್ತು ಎತ್ತರದ ಜೀಪು ಮಾದರಿಯ ವಾಹನಗಳ ಬಂಪರು ಅದರ ಮೇಲಿನಿಂದ ಹಾದು ನೇರ ಬಾಗಿಲ ತೆಳು ತಗಡಿಗೆ, ಎಂದರೆ ಒಳಗಿರುವವನ ಎದೆಯ ಮಟ್ಟಕ್ಕೆ, ಬಂದು ತಾಗುತ್ತದೆ.

ಪೆಟ್ಟು ಬಿದ್ದ ಬದಿಗೇ ಕುಳಿತವನನ್ನು ಸಮೀಪ ಪಾರ್ಶ್ವದವನೆಂದೂ ಆಚೆ ಬದಿಯವನನ್ನು ದೂರ ಪಾರ್ಶ್ವದವನೆಂದೂ ಕರೆಯುವುದು ಈ ಶಾಸ್ತ್ರದ ರೂಢಿ. ಸಮೀಪ ಪಾರ್ಶ್ವದವನಿಗೆ ಪಕ್ಕೆಲುಬುಗಳು ಸಾಲಾಗಿ ಮುರಿಯುವುದು, ಶ್ವಾಸಕೋಶ ಜಜ್ಜುವುದು, ಹೃದಯದಿಂದ ಹೊರಡುವ ಮಹಾಪಧಮನಿ ಹರಿಯುವುದು, ಸೊಂಟದ ಎಲುಬು ಒಡೆಯುವುದು, ಕಿಟಕಿಯ ಗಾಜಿಗೋ ನುಗ್ಗಿದ ವಾಹನದ ಬಾನೆಟ್ಟಿಗೋ ತಲೆ ಬಡಿಯುವುದು ಸಾಮಾನ್ಯವಾದ ಗಾಯಗಳು. ಹೊಟ್ಟೆಯೊಳಗಿನ ಅಂಗಗಳ ವಿಷಯದಲ್ಲಿ ಭಾರತದ ಓದುಗರು ಒಂದು ಎಚ್ಚರಿಕೆ ವಹಿಸಬೇಕಾಗುತ್ತದೆ. ಅಮೆರಿಕದ ಪುಸ್ತಕಗಳಲ್ಲಿ ಚಾಲಕನ ಬಾಗಿಲಿಗೆ ಪೆಟ್ಟು ಬಿದ್ದಾಗ ಗುಲ್ಮಕ್ಕೆ ಗಾಯವಾಗುವುದು ಎದ್ದು ಕಾಣುತ್ತದೆ, ಏಕೆಂದರೆ ಅಲ್ಲಿ ಚಾಲಕ ಎಡಗಡೆ ಕುಳಿತಿರುತ್ತಾನೆ ಮತ್ತು ಗುಲ್ಮ ದೇಹದ ಎಡಭಾಗದಲ್ಲಿದೆ. ಇಲ್ಲಿ ಚಾಲಕನ ಬಾಗಿಲು ಬಲಗಡೆಯಾದುದರಿಂದ ಅದೇ ಪೆಟ್ಟು ಬಲಭಾಗದ ಯಕೃತ್ತಿನ ಮೇಲೆ ಬೀಳುತ್ತದೆ. ಗುಲ್ಮವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಿದರೂ ಮನುಷ್ಯ ಬದುಕಬಲ್ಲ, ಯಕೃತ್ತಿಲ್ಲದೆ ಬದುಕಲಾರ ಎಂಬುದನ್ನು ನೆನೆದರೆ ಈ ಎಡ–ಬಲದ ವ್ಯತ್ಯಾಸ ಸಣ್ಣದಲ್ಲ. ಸೀಟ್‌ಬೆಲ್ಟಿನ ನೆರವೂ ಇಲ್ಲಿ ಅಸಮವಾದುದು: ನುಗ್ಗಿ ಬರುವ ಬಾಗಿಲನ್ನು ಬೆಲ್ಟ್ ತಡೆಯಲಾರದು, ಆದರೆ ದೂರ ಪಾರ್ಶ್ವದವನು ಹಾರಿಬಂದು ಪಕ್ಕದವನ ಮೇಲೆ ಬೀಳುವುದನ್ನೂ, ಕಾರು ಉರುಳಿದಾಗ ಹೊರಕ್ಕೆ ಎಸೆಯಲ್ಪಡುವುದನ್ನೂ ತಡೆಯಬಲ್ಲದು. ಮದುವೆ, ಜಾತ್ರೆಗಳಿಗೆ ಐದು ಜನರ ಕಾರಿನಲ್ಲಿ ಏಳೆಂಟು ಜನ ಒತ್ತಿ ಕೂರುವ ರೂಢಿಯಿರುವ ಕಡೆ ಬೆಲ್ಟಿನ ಈ ಪ್ರಯೋಜನವನ್ನೂ ಯಾರೂ ಪಡೆಯುವಂತಿಲ್ಲ.

ಇಷ್ಟೆಲ್ಲ ಇಂದು ಖಚಿತವಾಗಿ ಹೇಳಬಹುದಾದರೂ ವಿಜ್ಞಾನ ಈ ಮಗ್ಗುಲಿಗೆ ತಿರುಗಿದ್ದು ನಿಧಾನವಾಗಿ. ಅಮೆರಿಕದ ಹ್ಯೂ ಡಿಹೇವನ್ 1942ರಲ್ಲಿ ಎತ್ತರದಿಂದ ಬಿದ್ದೂ ಬದುಕಿದವರನ್ನು ಕುರಿತು ಬರೆದ ಪ್ರಬಂಧವು ಗಾಯಕ್ಕೆ ವಿಧಿಯಲ್ಲ, ಬಲದ ಹಂಚಿಕೆ ಕಾರಣ ಎಂಬ ವಿಚಾರಕ್ಕೆ ಅಡಿಪಾಯ ಹಾಕಿತು. ಜಾನ್ ಸ್ಟ್ಯಾಪ್ 1954ರಲ್ಲಿ ರಾಕೆಟ್ ಬಂಡಿಯ ಮೇಲೆ ತನ್ನ ದೇಹವನ್ನೇ ಪರೀಕ್ಷೆಗೆ ಒಡ್ಡಿದ. ವೋಲ್ವೋ ಸಂಸ್ಥೆಯ ನಿಲ್ಸ್ ಬೊಲಿನ್ 1959ರಲ್ಲಿ ಮೂರು ಕಡೆ ಬಿಗಿಯುವ ಬೆಲ್ಟನ್ನು ರೂಪಿಸಿದ. ಈ ಸಾಲಿನ ಸಾಧನೆಗಳ ಗಮನವೆಲ್ಲ ಬಹುಮಟ್ಟಿಗೆ ಮುಂದಿನಿಂದ ಬರುವ ಪೆಟ್ಟಿನ ಮೇಲಿತ್ತು. ಬಾಗಿಲೊಳಗೆ ಉಕ್ಕಿನ ಅಡ್ಡತೊಲೆ ಇಡುವಂತೆ ಮಾಡಿದ ಅಮೆರಿಕದ ನಿಯಮ 1973ರಿಂದ ಜಾರಿಯಾಯಿತು, ಆದರೆ ಅದು ನಿಂತ ಕಾರಿನ ಬಾಗಿಲನ್ನು ನಿಧಾನವಾಗಿ ಒತ್ತಿ ನೋಡುವ ಪರೀಕ್ಷೆಯಾಗಿತ್ತು. 1982ರಲ್ಲಿ ಅಲ್ಲಿನ ಸರಕಾರಿ ಸಂಸ್ಥೆಯೇ ನಡೆಸಿದ ಪರಾಮರ್ಶೆಯಲ್ಲಿ, ಕಾರು ತಾನೇ ಜಾರಿ ಕಂಬಕ್ಕೋ ಮರಕ್ಕೋ ಬಡಿದಾಗ ಈ ತೊಲೆಯಿಂದ ಜೀವಗಳು ಉಳಿದವೆಂದೂ, ಇನ್ನೊಂದು ವಾಹನ ಬಂದು ಬಡಿದಾಗ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಇಳಿಕೆಯಾಗಲಿಲ್ಲವೆಂದೂ ಕಂಡುಬಂದಿತು. ಹೀಗಾಗಿ 1990ರಲ್ಲಿ ಹೊಸ ನಿಯಮ ಬಂದಿತು: 1,368 ಕಿಲೋ ತೂಕದ ಬಂಡಿಯೊಂದನ್ನು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ, ಎರಡೂ ವಾಹನಗಳು ಚಲಿಸುತ್ತಿದ್ದಂತೆ ತೋರಲೆಂದು ಅದರ ಗಾಲಿಗಳನ್ನು 27 ಡಿಗ್ರಿ ಓರೆಮಾಡಿ, ಕಾರಿನ ಮಗ್ಗುಲಿಗೆ ಬಡಿಸಿ ಒಳಗಿನ ಮಾನವ ಪ್ರತಿಕೃತಿಯ ಎದೆ, ಸೊಂಟಗಳ ಮೇಲಾದ ಪರಿಣಾಮವನ್ನು ಅಳೆಯುವುದು. ಯುರೋಪು 1995ರಲ್ಲಿ 950 ಕಿಲೋ ಬಂಡಿ, 50 ಕಿಲೋಮೀಟರ್ ವೇಗ, ನೇರ ಅಡ್ಡ ಪೆಟ್ಟು ಎಂಬ ತನ್ನದೇ ಕ್ರಮವನ್ನು ವಿಶ್ವಸಂಸ್ಥೆಯ 95ನೆಯ ನಿಯಮಾವಳಿಯಾಗಿ ರೂಪಿಸಿಕೊಂಡಿತು. ಪಕ್ಕೆಲುಬು 42 ಮಿಲಿಮೀಟರಿಗಿಂತ ಹೆಚ್ಚು ಒಳಕ್ಕೆ ಬಾಗಬಾರದು, ಸೊಂಟದ ಎಲುಬಿನ ಕೂಡುಜಾಗದ ಮೇಲೆ 6 ಕಿಲೋನ್ಯೂಟನ್ನಿಗಿಂತ ಹೆಚ್ಚು ಬಲ ಬೀಳಬಾರದು ಎಂಬಂಥ ಮಿತಿಗಳು ಅದರಲ್ಲಿದ್ದವು. ಸೀಟಿನಿಂದ ಅರಳುವ ಬದಿಯ ಏರ್‌ಬ್ಯಾಗನ್ನು ವೋಲ್ವೋ 1994ರಲ್ಲಿ ತಂದಿತು, ಕಿಟಕಿಯುದ್ದಕ್ಕೂ ಇಳಿಬೀಳುವ ಪರದೆಯ ಏರ್‌ಬ್ಯಾಗನ್ನು 1998ರಲ್ಲಿ ತಂದಿತು. ಎತ್ತರದ ವಾಹನಗಳು ಹೆಚ್ಚಿದಂತೆ ಅಮೆರಿಕದ ವಿಮಾ ಸಂಸ್ಥೆಗಳ ಕೂಟ 2003ರಲ್ಲಿ 1,500 ಕಿಲೋ ತೂಕದ ಎತ್ತರದ ಬಂಡಿಯನ್ನೂ, 2021ರಲ್ಲಿ 1,900 ಕಿಲೋ ಬಂಡಿಯನ್ನೂ 60 ಕಿಲೋಮೀಟರ್ ವೇಗವನ್ನೂ ಬಳಸತೊಡಗಿತು. ಈ ಪರೀಕ್ಷೆಗಳಲ್ಲೆಲ್ಲ ಬಡಿಯುವುದು ಇನ್ನೊಂದು ಕಾರಿನಂಥ ಬಂಡಿಯೇ. ಸಿಮೆಂಟು ಹೇರಿದ ಲಾರಿಯಂಥದಲ್ಲ.

ಇದೇ ಅವಧಿಯಲ್ಲಿ ವೈದ್ಯರೂ ತಮ್ಮ ಅಳತೆಗೋಲನ್ನು ಮಾಡಿಕೊಂಡರು. 1971ರಲ್ಲಿ ಪ್ರಕಟವಾದ ಸಂಕ್ಷಿಪ್ತ ಗಾಯ ಮಾಪಕವು ಮುಂದೆ ನೆಲೆಗೊಂಡ ರೂಪದಲ್ಲಿ ಒಂದೊಂದು ಗಾಯಕ್ಕೂ 1ರಿಂದ 6ರವರೆಗೆ ಅಂಕ ಕೊಡುತ್ತದೆ: 1 ಎಂದರೆ ತರಚು ಗಾಯದಂಥದು, 6 ಎಂದರೆ ಚಿಕಿತ್ಸೆಗೆ ಮೀರಿದ್ದು. ಆದರೆ ಅಪಘಾತದಲ್ಲಿ ಒಬ್ಬನಿಗೆ ಒಂದೇ ಗಾಯವಾಗುವುದು ವಿರಳವಾದುದರಿಂದ ಸೂಸನ್ ಬೇಕರ್ ಮತ್ತು ಸಂಗಡಿಗರು 1974ರಲ್ಲಿ ಗಾಯ ತೀವ್ರತಾ ಅಂಕವನ್ನು ಸೂಚಿಸಿದರು. ದೇಹವನ್ನು ಆರು ಭಾಗಗಳಾಗಿ ವಿಂಗಡಿಸಿ, ಹೆಚ್ಚು ಪೆಟ್ಟು ತಿಂದ ಮೂರು ಭಾಗಗಳ ಅತಿ ಹೆಚ್ಚಿನ ಅಂಕಗಳ ವರ್ಗಗಳನ್ನು ಕೂಡಿಸುವುದು ಅದರ ಕ್ರಮ. ಎದೆಗೆ 4, ಹೊಟ್ಟೆಗೆ 3, ಕಾಲಿಗೆ 2 ಬಂದವನ ಒಟ್ಟು ಅಂಕ 16, 9 ಮತ್ತು 4 ಸೇರಿ 29. ಗರಿಷ್ಠ 75, ಮತ್ತು 15ಕ್ಕಿಂತ ಹೆಚ್ಚಾದುದನ್ನು ಭಾರೀ ಆಘಾತವೆಂದು ಎಣಿಸುವುದು ವಾಡಿಕೆ. 1860ರ ಎಂಟು ಬಗೆಗಳ ಪಟ್ಟಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ಎರಡೂ ಒಂದೇ ದೇಹವನ್ನು ಕುರಿತವೆಂದು ನಂಬುವುದೇ ಕಷ್ಟ: ಮುರಿದ ಹಲ್ಲು ಅಲ್ಲಿ ತೀವ್ರ, ಇಲ್ಲಿ 1, ಹರಿದ ಯಕೃತ್ತು ಅಲ್ಲಿ ‘ಜೀವಕ್ಕೆ ಅಪಾಯ’ ಎಂಬ ಕೊನೆಯ ಉಪವಾಕ್ಯದ ಆಸರೆ ಪಡೆಯಬೇಕು, ಇಲ್ಲಿ ಅದು ಎಷ್ಟು ಆಳಕ್ಕೆ ಹರಿದಿದೆ ಎಂಬುದರ ಮೇಲೆ ಬೇರೆ ಬೇರೆ ಅಂಕ ಪಡೆಯುತ್ತದೆ.

ಕಲಬುರಗಿಯ ರಸ್ತೆಗಳಲ್ಲಿ ಓಡಾಡಿದ ವಾಹನಗಳ ಚರಿತ್ರೆಯನ್ನು ಇದರ ಜೊತೆಗಿಟ್ಟು ಓದಬೇಕು. 1950ರ ದಶಕದ ಕೊನೆಯಿಂದ ಅಂಬಾಸಿಡರ್, ಆಮೇಲೆ ಫಿಯೆಟ್ ಕಾರುಗಳು ವರ್ತಕರ, ಅಧಿಕಾರಿಗಳ ಮತ್ತು ಬಾಡಿಗೆಯವರ ವಾಹನಗಳಾಗಿದ್ದವು. ಅವುಗಳ ದಪ್ಪ ತಗಡನ್ನು ಕಂಡು ಜನ ಗಟ್ಟಿ ಗಾಡಿಯೆಂದು ನಂಬಿದ್ದರು, ಆದರೆ ಪಾರ್ಶ್ವದ ಪರೀಕ್ಷೆ ಎಂಬ ಕಲ್ಪನೆಯೇ ಹುಟ್ಟುವ ಮೊದಲು ರೂಪುಗೊಂಡ ಒಡಲುಗಳು ಅವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಸುಮಾರು 650 ಕಿಲೋ ತೂಕದ, ಹಗುರ ಬಾಗಿಲಿನ ಕಾರು. ಮಧ್ಯಮ ವರ್ಗದ ಮನೆಮುಂದೆ ಕಾರು ನಿಲ್ಲುವಂತಾದದ್ದು ಅದರಿಂದಲೇ, ಮತ್ತು ಲಾರಿಗೂ ಕಾರಿಗೂ ನಡುವಿನ ತೂಕದ ಅಂತರ ಹಿಂದೆಂದೂ ಇಲ್ಲದಷ್ಟು ಹಿಗ್ಗಿದ್ದೂ ಅದರಿಂದಲೇ. ಹಳ್ಳಿಗಳಿಗೂ ತಾಲ್ಲೂಕು ಕೇಂದ್ರಗಳಿಗೂ ನಡುವೆ ಜನರನ್ನು ಸಾಗಿಸುವ ಜೀಪು, ಟ್ರ್ಯಾಕ್ಸ್ ಮತ್ತು ಕ್ರೂಸರುಗಳದು ಬೇರೆಯೇ ಕಥೆ. ಇಂಥ ಹಲವು ವಾಹನಗಳ ಹಿಂಭಾಗದಲ್ಲಿ ಬದಿಯುದ್ದಕ್ಕೂ ಎದುರುಬದುರಾಗಿ ಬೆಂಚುಗಳಿರುತ್ತವೆ. ಅಲ್ಲಿ ಕುಳಿತವನ ಭುಜ ವಾಹನದ ಮುಂದಿನ ದಿಕ್ಕಿಗೆ ತಿರುಗಿರುವುದರಿಂದ, ವಾಹನಕ್ಕೆ ಎದುರಿನಿಂದ ಬೀಳುವ ಪೆಟ್ಟು ಅವನ ದೇಹಕ್ಕೆ ಮಗ್ಗುಲ ಪೆಟ್ಟಾಗಿ ತಲುಪುತ್ತದೆ. ಅವನ ಕುತ್ತಿಗೆ ಅಡ್ಡಕ್ಕೆ ಬಾಗುತ್ತದೆ, ಪಕ್ಕದವರೆಲ್ಲ ಒಬ್ಬರ ಮೇಲೊಬ್ಬರು ಒರಗಿ ಮುಂದಿನವನನ್ನು ಜಜ್ಜುತ್ತಾರೆ. ಪೊಲೀಸ್ ದಾಖಲೆಯಲ್ಲಿ ಮುಖಾಮುಖಿ ಡಿಕ್ಕಿ ಎಂದು ಬರೆದುಕೊಂಡ ಅಪಘಾತವೊಂದರಲ್ಲಿ ಹಿಂದಿನ ಬೆಂಚಿನವರಿಗೆ ಪಾರ್ಶ್ವ ಡಿಕ್ಕಿಯ ಗಾಯಗಳೇ ಆಗಿರಬಹುದು.

ಭಾರತದ ನಿಯಮಗಳು ಬಹುಕಾಲ ಬಾಗಿಲ ಕಡೆಗೆ ನೋಡಲಿಲ್ಲ. 1994ರ ಮಾರ್ಚ್ 25ರ ನಂತರ ತಯಾರಾದ ಕಾರುಗಳ ಮುಂದಿನ ಸೀಟುಗಳಿಗೆ ಬೆಲ್ಟ್ ಕಡ್ಡಾಯವಾಯಿತು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಬ್ರಿಟನ್ನಿನ ಸಂಸ್ಥೆ 2014ರ ಜನವರಿಯಲ್ಲಿ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳಿಗೆ ಸೊನ್ನೆ ನಕ್ಷತ್ರ ಕೊಟ್ಟಾಗ ದೇಶವೆಲ್ಲ ಚರ್ಚೆಯಾಯಿತಾದರೂ, ಅದು ಮುಂಭಾಗದ ಡಿಕ್ಕಿಯ ಪರೀಕ್ಷೆಯಾಗಿತ್ತು. ಯುರೋಪಿನ ಕ್ರಮವನ್ನು ಅನುಸರಿಸಿದ ಎಐಎಸ್ 099 ಎಂಬ ಪಾರ್ಶ್ವ ಡಿಕ್ಕಿಯ ಮಾನದಂಡವು ಹೊಸ ಮಾದರಿಯ ಕಾರುಗಳಿಗೆ 2017ರ ಅಕ್ಟೋಬರ್ 1ರಿಂದಲೂ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಅಕ್ಟೋಬರ್ 1ರಿಂದಲೂ ಕಡ್ಡಾಯವಾಯಿತು. ಅಮೆರಿಕದ ಚಲನಶೀಲ ಪರೀಕ್ಷೆ ನಿಯಮವಾಗಿ ಆಗ ಕಾಲು ಶತಮಾನವೇ ಕಳೆದಿತ್ತು. ಎಲ್ಲ ಕಾರುಗಳಿಗೂ ಆರು ಏರ್‌ಬ್ಯಾಗುಗಳನ್ನು, ಎಂದರೆ ಬದಿಯ ಮತ್ತು ಪರದೆಯ ಏರ್‌ಬ್ಯಾಗುಗಳನ್ನೂ ಸೇರಿಸಿ, ಕಡ್ಡಾಯಗೊಳಿಸುವ ಕರಡು 2022ರ ಜನವರಿಯಲ್ಲಿ ಹೊರಟು, ಒಂದು ವರ್ಷ ಮುಂದೂಡಲ್ಪಟ್ಟು, 2023ರಲ್ಲಿ ಕೈಬಿಡಲ್ಪಟ್ಟಿತು. ಅದರ ಬದಲು 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್, 50 ಕಿಲೋಮೀಟರ್ ವೇಗದ ಬಂಡಿಯ ಪೆಟ್ಟನ್ನೂ 29 ಕಿಲೋಮೀಟರ್ ವೇಗದಲ್ಲಿ ಕಂಬಕ್ಕೆ ಬಡಿಯುವ ಪೆಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಕ್ಷತ್ರಗಳನ್ನು ಕೊಡುತ್ತದೆ. ಆದರೆ ಪರೀಕ್ಷೆಗೆ ಒಳಪಡುವುದು ತಯಾರಕರ ಇಚ್ಛೆಗೆ ಬಿಟ್ಟದ್ದು.

ಕಾರಿನ ನಿಯಮಕ್ಕಿಂತ ಬಹಳ ಹಿಂದೆಯೇ ರಸ್ತೆಯ ನಿಯಮವೊಂದು ಈ ಪೆಟ್ಟನ್ನು ಗುರುತಿಸಿತ್ತು. ಕೂಡುರಸ್ತೆಯಲ್ಲಿ ಪೊಲೀಸನಾಗಲಿ ದೀಪವಾಗಲಿ ಇಲ್ಲದಿದ್ದರೆ, ಪ್ರಧಾನ ರಸ್ತೆಯಲ್ಲದ ಕಡೆ, ತನ್ನ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು ಎಂದು 1939ರ ಮೋಟಾರು ವಾಹನ ಕಾಯ್ದೆಯ ಹತ್ತನೆಯ ಅನುಸೂಚಿ ಹೇಳಿತು. 1989ರ ರಸ್ತೆ ನಿಯಮಾವಳಿ ಅದನ್ನೇ ಮುಂದುವರಿಸಿತು. ಎಡಬದಿಯ ಸಂಚಾರವಿರುವ ದೇಶದಲ್ಲಿ ಬಲಗಡೆ ಎಂದರೆ ಚಾಲಕನ ಸ್ವಂತ ಬಾಗಿಲು. ಅಡ್ಡರಸ್ತೆಗೆ ಇಳಿದವನಿಗೆ ಮೊದಲು ಎದುರಾಗುವ ಸಂಚಾರ ಬಲದಿಂದಲೇ ಬರುತ್ತದೆ. ಡಿವೈಡರ್ ಇರುವ ಹೆದ್ದಾರಿಯನ್ನು ಅಡ್ಡ ದಾಟುವವನಿಗೆ ಮೊದಲರ್ಧದಲ್ಲಿ ಬಲಬಾಗಿಲಿಗೂ ಎರಡನೆಯರ್ಧದಲ್ಲಿ ಎಡಬಾಗಿಲಿಗೂ ಅಪಾಯ. ಹೆದ್ದಾರಿಯಿಂದ ಬಲಕ್ಕೆ ಹೊರಳುವವನಿಗೆ ಎದುರಿನಿಂದ ಬರುವ ವಾಹನ ಬಡಿಯುವುದು ಎಡ ಬದಿಗೆ, ಎಂದರೆ ಪಕ್ಕದಲ್ಲಿ ಕುಳಿತವರಿಗೆ. ಮಹಾಗಾಂವ ಕ್ರಾಸಿನಂಥ ಕಡೆ, ಹಳ್ಳಿಯ ದಾರಿ ಹೆದ್ದಾರಿಯನ್ನು ಲಂಬಕೋನದಲ್ಲಿ ಬಂದು ಸೇರುವಲ್ಲಿ, ಈ ಲೆಕ್ಕವೆಲ್ಲ ದಿನವೂ ಪರೀಕ್ಷೆಗೆ ಬೀಳುತ್ತದೆ.

ನಗರದೊಳಗಿನ ಹಳೆಯ ಚೌಕಗಳು ಈ ದೃಷ್ಟಿಯಿಂದ ತಕ್ಕಮಟ್ಟಿಗೆ ಸುರಕ್ಷಿತವಾಗಿದ್ದವು ಎನ್ನಬೇಕು. ಸರದಾರ್ ಪಟೇಲ್ ಚೌಕ, ಜಗತ್ ವೃತ್ತಗಳಂಥ ಕಡೆ ನಡುವಿನ ಕಟ್ಟೆಯನ್ನು ಸುತ್ತಿಕೊಂಡು ಹೋಗಬೇಕಾದುದರಿಂದ ವೇಗ ತಾನಾಗಿ ತಗ್ಗುತ್ತದೆ, ಮತ್ತು ತಾಗಿದರೂ ಪೆಟ್ಟು ಓರೆಯಾಗಿ ಸವರಿಕೊಂಡು ಹೋಗುತ್ತದೆಯೇ ಹೊರತು ನೇರ ಬಾಗಿಲಿಗೆ ನಾಟುವುದಿಲ್ಲ. ಊರು ಬೆಳೆದು, 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 5 ಲಕ್ಷ ದಾಟಿದಾಗ, ಜೇವರ್ಗಿ, ಸೇಡಂ, ಹುಮನಾಬಾದ್ ಮತ್ತು ಆಳಂದದ ದಿಕ್ಕಿನ ದಾರಿಗಳನ್ನು ಕತ್ತರಿಸಿ ಹೋಗುವ ವರ್ತುಲ ರಸ್ತೆಯ ಗುಂಟವೂ ಮನೆ, ಅಂಗಡಿ, ಕಲ್ಯಾಣ ಮಂಟಪಗಳು ಎದ್ದವು. ಲಾರಿಗಳನ್ನು ಊರ ಹೊರಗಿನಿಂದ ಸಾಗಿಸಲೆಂದು ಹಾಕಿದ ರಸ್ತೆ ಊರೊಳಗಿನ ರಸ್ತೆಯಾಯಿತು. ಚೌಕದಲ್ಲಿ ಇಪ್ಪತ್ತರ ವೇಗದಲ್ಲಿ ಸುತ್ತುತ್ತಿದ್ದ ಸಂಚಾರ ಇಲ್ಲಿ ಅಗಲ ರಸ್ತೆಯ ವೇಗದಲ್ಲಿ ನೇರ ಅಡ್ಡ ಹಾಯತೊಡಗಿತು. ಸಾರ್ವಜನಿಕ ನೆನಪು ಮಾತ್ರ ಬೇರೆ ಬಗೆಯ ದುರಂತಗಳನ್ನು ಹಿಡಿದಿಟ್ಟುಕೊಳ್ಳುತ್ತದೆ: ಕಮಲಾಪುರದ ಹೊರವಲಯದಲ್ಲಿ 2022ರ ಜೂನ್ 3ರಂದು ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಸರಕು ವಾಹನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿದು 7 ಮಂದಿ ಸತ್ತದ್ದು ದೇಶದ ಸುದ್ದಿಯಾಯಿತು. ಬಾಗಿಲಿಗೆ ಪೆಟ್ಟು ಬಿದ್ದು ಒಬ್ಬರೋ ಇಬ್ಬರೋ ಸತ್ತ ಅಪಘಾತಕ್ಕೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಸಿಗುತ್ತದೆ.

ಅಂಥ ಅಪಘಾತದ ನಿಜವಾದ ಚರಿತ್ರೆ ಉಳಿದಿರುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕಡತಗಳಲ್ಲಿ. 1939ರ ಕಾಯ್ದೆಗೆ 1956ರಲ್ಲಿ ಆದ ತಿದ್ದುಪಡಿಯಿಂದ ಹುಟ್ಟಿದ ಈ ನ್ಯಾಯಮಂಡಳಿಗಳ ಮುಂದೆ ಹಾಜರಾಗುವ ಕಟ್ಟಿನಲ್ಲಿ ಪ್ರಥಮ ವರ್ತಮಾನ ವರದಿ, ಫಿರ್ಯಾದಿ, ಸ್ಥಳ ಪಂಚನಾಮೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ ಇವಿಷ್ಟು ತಪ್ಪದೆ ಇರುತ್ತವೆ. ಇವುಗಳಲ್ಲಿ ಬಲಬಾಗಿಲು ಒಳಕ್ಕೆ ಹೋಗಿದೆ, ನಡುವಿನ ಕಂಬ ಬಾಗಿದೆ ಎಂದು ಬರೆದುಕೊಳ್ಳುವವರು ವಾಹನ ನಿರೀಕ್ಷಕರು. ಎಲುಬು ಎಲ್ಲಿ ಮುರಿದಿದೆ ಎಂದು ಬರೆಯುವವರು ವೈದ್ಯರು. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದಿದರೆ ಪಾರ್ಶ್ವ ಡಿಕ್ಕಿಯ ಗಾಯಶಾಸ್ತ್ರವೇ ಅಲ್ಲಿದೆ, ಆದರೆ ನ್ಯಾಯಮಂಡಳಿಗೆ ನಿರೀಕ್ಷಕರ ವರದಿ ಬೇಕಾಗುವುದು ಅಪಘಾತಕ್ಕೆ ವಾಹನದ ಯಾಂತ್ರಿಕ ದೋಷ ಕಾರಣವಲ್ಲ ಎಂಬ ಒಂದೇ ವಾಕ್ಯಕ್ಕಾಗಿ. ಗಾಯದ ಬೆಲೆ ಕಟ್ಟುವ ಕ್ರಮವೂ ತನ್ನದೇ ದಾರಿ ಹಿಡಿಯಿತು: ಒಂದು ಅಂಗಕ್ಕೆ ಬಂದ ಊನದ ಮೂರನೆಯ ಒಂದು ಭಾಗವನ್ನು ಇಡೀ ದೇಹದ ಊನವೆಂದು ಹಿಡಿಯುವುದು ಕರ್ನಾಟಕದ ನ್ಯಾಯಾಲಯಗಳಲ್ಲಿ ಬೇರೂರಿದ ವಾಡಿಕೆ. ಕೈಕಾಲಿಗೆ ಹೊಂದುವ ಈ ಸೂತ್ರ ಎದೆಗೂಡಿಗೂ ಯಕೃತ್ತಿಗೂ ಸರಿಯಾಗಿ ಹೊಂದುವುದಿಲ್ಲ. ಕೂಡಿಕೊಂಡ ಪಕ್ಕೆಲುಬು ಊನವೆಂದು ಎಣಿಕೆಗೆ ಬರುವುದು ಕಷ್ಟ, ಮೊದಲಿನಂತೆ ಮೂಟೆ ಹೊರಲಾಗದಿದ್ದರೂ. 2008ರ ಜುಲೈಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಗುಲ್ಬರ್ಗಕ್ಕೆ ಬಂದು 2013ರ ಆಗಸ್ಟಿನಲ್ಲಿ ಕಾಯಂ ಆದ ಬಳಿಕ, ಇಂಥ ಮೇಲ್ಮನವಿಗಳಿಗಾಗಿ ಬೆಂಗಳೂರಿಗೆ ಹೋಗುವ ಕಷ್ಟ ತಪ್ಪಿತು. ಈಗಿನ ಮೋಟಾರು ವಾಹನ ಕಾಯ್ದೆಯಲ್ಲಿ 2022ರ ಏಪ್ರಿಲ್ 1ರಿಂದ ಜಾರಿಯಾದ 164ನೆಯ ಕಲಮು ತಪ್ಪು ಯಾರದೆಂದು ಕೇಳದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೊಡಿಸುತ್ತದೆ. ತೀವ್ರ ಎಂದರೇನೆಂಬ ಪ್ರಶ್ನೆ ಬಂದಾಗ ಮತ್ತೆ ಆ ಹಳೆಯ ಪಟ್ಟಿಯೇ ನೆನಪಿಗೆ ಬರುತ್ತದೆ.

ಆಸ್ಪತ್ರೆಗಳ ಪಾಲನ್ನೂ ಇಲ್ಲಿ ನೆನೆಯಬೇಕು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾದಾಗ ಎಕ್ಸ್‌ರೇ ತೋರಿಸಿದ್ದನ್ನು ನಂಬುವ ಕಾಲ. ಎಕ್ಸ್‌ರೇಯಲ್ಲಿ ಮುರಿದ ಎಲುಬು ಕಾಣುತ್ತದೆ, ಯಕೃತ್ತಿನಿಂದ ಹೊಟ್ಟೆಯೊಳಕ್ಕೆ ಸೋರುವ ರಕ್ತ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಮತ್ತು ಸಿಟಿ ಸ್ಕ್ಯಾನ್ ಬಂದ ಮೇಲೆ, ಹೊರಗೆ ಗೀರೂ ಇಲ್ಲದೆ ನಡೆದುಕೊಂಡು ಬಂದ ಸಮೀಪ ಪಾರ್ಶ್ವದ ಗಾಯಾಳು ಕೆಲವು ತಾಸಿನ ನಂತರ ಕುಸಿಯುವುದಕ್ಕೆ ಕಾರಣ ಮೊದಲೇ ಗೊತ್ತಾಗುವಂತಾಯಿತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾದದ್ದೂ, ಗುಲ್ಬರ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2013ರಲ್ಲಿ ತೆರೆದದ್ದೂ ಕಮಲಾಪುರ, ಜೇವರ್ಗಿಗಳ ದಾರಿಯಲ್ಲಿ ಪೆಟ್ಟು ತಿಂದವರಿಗೆ ಬದುಕುವ ಅವಕಾಶವನ್ನು ಹೆಚ್ಚಿಸಿದವು. ಆದರೆ ಬದುಕಿಸಿದ ವೈದ್ಯರಿಗೂ ಕಾರಿನ ಯಾವ ಬಾಗಿಲಿಗೆ ಪೆಟ್ಟು ಬಿದ್ದಿತೆಂಬುದು ಗಾಯಾಳುವಿನ ಕಡೆಯವರು ಹೇಳಿದರಷ್ಟೇ ತಿಳಿಯುವ ವಿಷಯವಾಗಿ ಉಳಿಯಿತು.

ಮದ್ರಾಸಿನ ಐಐಟಿ ರೂಪಿಸಿದ ಸಮಗ್ರ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆ 2021ರಲ್ಲಿ ಮೊದಲು ಜಾರಿಯಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಠಾಣೆಯವರು ಮೊಬೈಲಿನಲ್ಲಿ ಸ್ಥಳದ ಚಿತ್ರ ತೆಗೆದು ಸೇರಿಸುವ, ಸಾರಿಗೆ ಇಲಾಖೆಯವರೂ ಆಸ್ಪತ್ರೆಯವರೂ ಹೆದ್ದಾರಿ ಎಂಜಿನಿಯರರೂ ಅದೇ ದಾಖಲೆಗೆ ತಮ್ಮ ಭಾಗವನ್ನು ತುಂಬುವ ಈ ಕ್ರಮದಲ್ಲಿ, ಡಿಕ್ಕಿ ಯಾವ ಬಗೆಯದೆಂಬುದಕ್ಕೆ ಪ್ರತ್ಯೇಕ ಅಂಕಣವಿದೆ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯೂ ಬದಿಯಿಂದ ಬಡಿದ ಅಪಘಾತಗಳನ್ನು ಈಗ ಬೇರೆಯಾಗಿ ಎಣಿಸುತ್ತದೆ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮು ಗಾಯದ ಎಂಟು ಬಗೆಗಳನ್ನು ಹಾಗೆಯೇ ಉಳಿಸಿಕೊಂಡು, ಕೊನೆಯ ಬಗೆಯ 20 ದಿನವನ್ನು 15ಕ್ಕೆ ಇಳಿಸಿತು. ಕಾರುಗಳ ಬದಲಾವಣೆ ದಾಖಲೆ ಮತ್ತು ಕಾನೂನುಗಳ ಬದಲಾವಣೆಗಿಂತಲೂ ನಿಧಾನ. ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿ 15 ವರ್ಷವಾದುದರಿಂದ, ಪಾರ್ಶ್ವದ ಪರೀಕ್ಷೆ ಎಲ್ಲ ಮಾದರಿಗಳಿಗೂ ಕಡ್ಡಾಯವಾಗುವ ಹಿಂದಿನ ತಿಂಗಳು, 2019ರ ಸೆಪ್ಟೆಂಬರಿನಲ್ಲಿ, ಆ ಪರೀಕ್ಷೆಯಿಲ್ಲದೆಯೇ ಮಾರಾಟವಾಗಿ ನೋಂದಣಿಯಾದ ಹಳೆಯ ಮಾದರಿಯ ಕಾರು 2034ರವರೆಗೂ, ನೋಂದಣಿ ನವೀಕರಿಸಿಕೊಂಡರೆ ಅದರ ಮುಂದಿನ ಐದು ವರ್ಷವೂ, ಕೈಯಿಂದ ಕೈಗೆ ಮಾರಾಟವಾಗುತ್ತ ಜೇವರ್ಗಿ ರಸ್ತೆಯಲ್ಲಿ ಕಾನೂನುಬದ್ಧವಾಗಿ ಓಡಾಡಬಹುದು.